ಬೇರು ಬಿಟ್ಟ ಜರ್ಮನ್ ತೋಟಗಾರ

ಬೆಂಗಳೂರಿನ ಲಾಲ್‌ಬಾಗ್‌ಗೆ ಅಂಟಿಕೊಂಡಂತೆ ಕೃಂಬಿಗಲ್ ರಸ್ತೆ ಎಂಬ ಒಂದು ರಸ್ತೆ ಇದೆ. ಬಸವನಗುಡಿ, ಮಾವಳ್ಳಿ ಕಡೆ ಓಡಾಡಿದವರಿಗೆ ಈ ಹೆಸರು ಪರಿಚಿತ. ಆಟೊದವರು ಅದನ್ನು ತಮ್ಮ ನಾಲಿಗೆಗೆ ಬಂದಂತೆ ಹೇಳುತ್ತಾರೆ. ಆದರೆ ಅದು ಒಬ್ಬ ಮನುಷ್ಯನ ಹೆಸರು, ಆ ಮನುಷ್ಯ ನಮ್ಮ ಹಾಗೆಯೇ ಕೆಲಸ ಹುಡುಕಿಕೊಂಡು ಊರು ಬಿಟ್ಟು ಬಂದವರು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಎಂ.ಟೆಕ್ ಓದುವಾಗ ಎರಡು ವರ್ಷ ಅದೇ ಸುತ್ತಮುತ್ತ ತಿರುಗಾಡಿದ ನನಗೂ ಆಗ ಗೊತ್ತಿರಲಿಲ್ಲ. ಈಗ ಮುಂಬೈ ಹೊರವಲಯದ ದಿವಾದಲ್ಲಿ ಮನೆ ಮಾಡಿಕೊಂಡು, ದಿನಾ ಠಾಣೆಗೆ ಹೋಗಿ ಅಲ್ಲಿಂದ ಐರೋಲಿಯ ಕಚೇರಿಗೆ ರೈಲು ಬದಲಿಸುವ ಕಾಲದಲ್ಲಿ ಅವರ ಕಥೆ ನನಗೆ ಹೆಚ್ಚು ಹತ್ತಿರವಾಗಿದೆ.

ಗುಸ್ತಾವ್ ಹರ್ಮನ್ ಕೃಂಬಿಗಲ್ ಹುಟ್ಟಿದ್ದು 1865ರ ಡಿಸೆಂಬರ್ 18ರಂದು, ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದಲ್ಲಿ ಡ್ರೆಸ್ಡೆನ್ ಪಕ್ಕದ ಲೋಮೆನ್ ಎಂಬ ಊರಿನಲ್ಲಿ. ತೋಟಗಾರಿಕೆಯ ತರಬೇತಿ ಪಡೆದದ್ದು ಎಲ್ಬೆ ನದಿ ದಡದ ಪಿಲ್ನಿಟ್ಸ್‌ನಲ್ಲಿ. ಅಲ್ಲಿ ಸ್ಯಾಕ್ಸನಿ ದೊರೆಗಳ ಬೇಸಿಗೆ ಅರಮನೆಯೂ ಅದರ ಉದ್ಯಾನವೂ ಇದ್ದವು. ನಂತರ ಶ್ವೇರಿನ್, ಹ್ಯಾಂಬರ್ಗ್ ಎಂದು ಕೆಲಸದ ಹಿಂದೆ ಊರೂರು ಅಲೆದರು. ಆ ಕಾಲದಲ್ಲಿ ಜಗತ್ತಿನ ತೋಟಗಾರರಿಗೆಲ್ಲ ಲಂಡನ್ನಿನ ಕ್ಯೂ ಸಸ್ಯೋದ್ಯಾನವೇ ಕಾಶಿ. ಅಲ್ಲಿ ಒಮ್ಮೆ ಕೆಲಸ ಮಾಡಿದವನಿಗೆ ಬ್ರಿಟಿಷ್ ಸಾಮ್ರಾಜ್ಯದ ಯಾವ ಮೂಲೆಯಲ್ಲಾದರೂ ನೌಕರಿ ಸಿಗುತ್ತಿತ್ತು. 1888ರಲ್ಲಿ, ಇನ್ನೂ ಇಪ್ಪತ್ತೆರಡರ ಪ್ರಾಯದಲ್ಲಿ, ಕೃಂಬಿಗಲ್ ಇಂಗ್ಲೆಂಡಿಗೆ ಹೊರಟರು. ಹೈಡ್ ಪಾರ್ಕಿನಲ್ಲಿ ಹೂವಿನ ಪಾತಿಗಳನ್ನು ರೂಪಿಸಿದರು, ಆಮೇಲೆ ಕ್ಯೂ ಸೇರಿದರು. ಇಂಗ್ಲಿಷ್ ಅವರ ಮಾತೃಭಾಷೆ ಅಲ್ಲ, ಇಂಗ್ಲೆಂಡು ಅವರ ದೇಶವಲ್ಲ. ಕೈಯಲ್ಲಿದ್ದ ವಿದ್ಯೆಯೊಂದೇ ಅವರ ರಹದಾರಿ.

1893ರಲ್ಲಿ ಅವರು ಭಾರತಕ್ಕೆ ಬಂದರು. ಬಂದದ್ದು ಬೆಂಗಳೂರಿಗಲ್ಲ, ಬರೋಡಾಕ್ಕೆ. ಅಲ್ಲಿ ಮೂರನೇ ಸಯಾಜಿರಾವ್ ಗಾಯಕವಾಡರ ಆಳ್ವಿಕೆ. ಶಾಲೆ, ಗ್ರಂಥಾಲಯ, ಉದ್ಯಾನ ಎಂದು ಬಹಳ ಹುರುಪಿನಿಂದ ಸಂಸ್ಥಾನ ಕಟ್ಟುತ್ತಿದ್ದ ಮಹಾರಾಜರು ಅವರು. ಹೊರಗಿನ ಪರಿಣತರನ್ನು ಕರೆಸಿ, ಸಂಬಳ ಕೊಟ್ಟು, ಕೆಲಸ ತೆಗೆಸುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕೃಂಬಿಗಲ್ ಅಲ್ಲಿನ ಸಸ್ಯೋದ್ಯಾನದ ಮೇಲ್ವಿಚಾರಕರಾದರು. ಸುಮಾರು ಹದಿನೈದು ವರ್ಷ ಗಾಯಕವಾಡರ ಸೇವೆಯಲ್ಲಿದ್ದರು. ಸ್ಯಾಕ್ಸನಿಯ ಹಿಮದಲ್ಲಿ ಬೆಳೆದ ಮನುಷ್ಯ ಗುಜರಾತಿನ ಬೇಸಿಗೆಯಲ್ಲಿ ಗಿಡ ಬದುಕಿಸುವುದನ್ನು ಮೊದಲಿನಿಂದ ಕಲಿಯಬೇಕಾಯಿತು. ದಿವಾದಿಂದ ವಸಾಯಿಗೆ ಹೋಗುವ ರೈಲು ಹತ್ತಿದರೆ ಅಲ್ಲಿಂದ ಮುಂದಿನ ದಾರಿ ಸೂರತ್, ಬರೋಡಾ ಕಡೆಗೇ. ಆ ಹಳಿಗಳನ್ನು ನೋಡಿದಾಗಲೆಲ್ಲ ನನಗೆ ಈ ಹದಿನೈದು ವರ್ಷಗಳ ನೆನಪಾಗುತ್ತದೆ. ಬೆಂಗಳೂರಿಗೆ ಅವರು ತಂದ ವಿದ್ಯೆಯಲ್ಲಿ ಅರ್ಧ ಜರ್ಮನಿಯದು, ಇಂಗ್ಲೆಂಡಿನದು. ಉಳಿದರ್ಧ ಬರೋಡಾದ ಬಿಸಿಲಿನದು.

ಬೆಂಗಳೂರಿನಲ್ಲಿ ಆಗ ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದವರು ಜಾನ್ ಕ್ಯಾಮರಾನ್. ಅವರೂ ಕ್ಯೂನಲ್ಲಿ ಪಳಗಿದವರೇ, 1874ರಿಂದ ಲಾಲ್‌ಬಾಗ್‌ನಲ್ಲಿದ್ದವರು. ಇಂದು ಫಲಪುಷ್ಪ ಪ್ರದರ್ಶನ ನಡೆಯುವ ಗಾಜಿನ ಮನೆಗೆ 1889ರಲ್ಲಿ ಶಂಕುಸ್ಥಾಪನೆ ಆದದ್ದು ಅವರ ಕಾಲದಲ್ಲಿ. ಕ್ಯಾಮರಾನ್ ನಿವೃತ್ತರಾಗುವ ಹೊತ್ತಿಗೆ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಮೈಸೂರು ಸರ್ಕಾರ ಕೃಂಬಿಗಲ್ ಅವರನ್ನು ಕರೆಸಿಕೊಂಡಿತು. 1908ರಲ್ಲಿ, ನಲವತ್ತೆರಡನೆಯ ವಯಸ್ಸಿನಲ್ಲಿ, ಅವರು ಲಾಲ್‌ಬಾಗ್ ಸೇರಿದರು. ಅಲ್ಲಿಂದ 1932ರವರೆಗೆ, ಇಪ್ಪತ್ತನಾಲ್ಕು ವರ್ಷ, ಸರ್ಕಾರಿ ಉದ್ಯಾನಗಳ ಹೊಣೆ ಅವರದು.

ಬೀಜದ ಲೆಕ್ಕ, ಕಸಿಯ ಲೆಕ್ಕ

ಅವರ ಕೆಲಸ ಏನೆಂದು ತಿಳಿಯಬೇಕಾದರೆ ಬೀಜ ಮತ್ತು ಕಸಿಯ ವ್ಯತ್ಯಾಸ ಗೊತ್ತಿರಬೇಕು. ಅದಕ್ಕೆ ಸೇಬಿಗಿಂತ ಒಳ್ಳೆಯ ಉದಾಹರಣೆ ಇಲ್ಲ.

ನನ್ನ ಮಗಳು ಕಳೆದ ವರ್ಷ ತಿಂದ ಸೇಬಿನ ಬೀಜ ಎತ್ತಿಟ್ಟುಕೊಂಡು ಕಿಟಕಿ ಗ್ರಿಲ್‌ನ ಕುಂಡಕ್ಕೆ ಹಾಕಿದಳು. ಒಂದೂ ಹುಟ್ಟಲಿಲ್ಲ. ಸೇಬಿನ ಬೀಜಕ್ಕೆ ಚಳಿಗಾಲ ಕಳೆದಿದೆ ಎಂದು ಗೊತ್ತಾಗುವವರೆಗೆ ಅದು ಕಣ್ಣು ಬಿಡುವುದಿಲ್ಲ. ಒದ್ದೆ ಕಾಗದದಲ್ಲಿ ಸುತ್ತಿ, ಡಬ್ಬಿಯಲ್ಲಿ ಹಾಕಿ, ಎರಡರಿಂದ ಮೂರು ತಿಂಗಳು ಫ್ರಿಜ್‌ನಲ್ಲಿ ಇಡಬೇಕು. ಫ್ರೀಜರ್‌ನಲ್ಲಿ ಅಲ್ಲ, ಕೆಳಗೆ, ಸುಮಾರು 4 ಡಿಗ್ರಿಯಲ್ಲಿ. ಆಗ ಫ್ರಿಜ್‌ನೊಳಗೇ ಬಿಳಿ ಬೇರು ಹೊರಬರುತ್ತದೆ. ಹಾಗೆ ಮಾಡಿದ ಮೇಲೆ ನಮ್ಮಲ್ಲೂ ಮೂರು ಸಸಿ ಎದ್ದವು. ಮೊದಲು ಬಂದವು ನುಣುಪಾದ, ಉದ್ದುದ್ದನೆಯ ಎರಡು ಬೀಜದಳ. ಅದನ್ನು ನೋಡಿ ಯಾವ ಗಿಡವೆಂದು ಹೇಳುವುದು ಕಷ್ಟ. ಅದೇ ಕುಂಡದಲ್ಲಿ ಹುಟ್ಟಿದ ಮೆಣಸಿನ ಸಸಿಯೂ ಹೆಚ್ಚು ಕಡಿಮೆ ಹಾಗೆಯೇ ಕಾಣುತ್ತದೆ. ಅದರ ಮೇಲೆ ಬರುವ ನಿಜವಾದ ಎಲೆಯ ಅಂಚಿನಲ್ಲಿ ಗರಗಸದ ಹಲ್ಲುಗಳು ಕಂಡರೆ ಅದು ಸೇಬು. ಕಳೆ ಎಂದು ಕಿತ್ತುಹಾಕುವ ಮುನ್ನ ಎರಡನೇ ಜೋಡಿ ಎಲೆಗೆ ಕಾಯಬೇಕು.

ಇದರಲ್ಲಿ ಹಣ್ಣು ಬಿಡುತ್ತದಾ, ನಾವು ತಿಂದ ಹಣ್ಣೇ ಬರುತ್ತದಾ ಎಂದು ಅವಳು ಕೇಳಿದಳು. ಎರಡಕ್ಕೂ ಇಲ್ಲ ಎನ್ನಬೇಕಾಯಿತು. ಕಾಶ್ಮೀರ, ಹಿಮಾಚಲದ ಸಾಮಾನ್ಯ ಸೇಬಿನ ಮರಕ್ಕೆ ಚಳಿಗಾಲದಲ್ಲಿ ಎಂಟುನೂರು, ಸಾವಿರ ಗಂಟೆಗಳ ಚಳಿ ಬೇಕು. ದಿವಾದಲ್ಲಿ ಜನವರಿಯ ಬೆಳಗಿನ ಜಾವವೂ ಫ್ಯಾನ್ ತಿರುಗುತ್ತಿರುತ್ತದೆ. ಎರಡನೆಯದು ಇನ್ನೂ ಕುತೂಹಲದ್ದು. ಸೇಬಿನ ಹೂವು ತನ್ನದೇ ಪರಾಗದಿಂದ ಸರಿಯಾಗಿ ಕಾಯಿ ಕಟ್ಟುವುದಿಲ್ಲ, ಬೇರೆ ತಳಿಯ ಮರದ ಪರಾಗ ಬೇಕು. ಹಾಗಾಗಿ ಪ್ರತಿ ಬೀಜವೂ ಹೊಸ ಬೆರಕೆ. ಒಂದೇ ಹಣ್ಣಿನ ಐದು ಕೋಣೆಗಳಲ್ಲಿರುವ ಬೀಜಗಳು ಒಂದರಂತೆ ಇನ್ನೊಂದು ಇರುವುದಿಲ್ಲ. ಹೆಚ್ಚಿನವು ಹುಳಿ, ಒಗರು, ಸಣ್ಣ ಕಾಯಿ. ಎಲ್ಲೋ ಸಾವಿರಕ್ಕೊಂದು ತಾಯಿಮರಕ್ಕಿಂತ ಸಿಹಿ.

ಅದಕ್ಕೇ ಸೇಬಿನ ತೋಟದವರು ಬೀಜ ನಂಬುವುದಿಲ್ಲ, ಕಸಿ ಕಟ್ಟುತ್ತಾರೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಕಸಿ ಎಂದರೆ ಕಾಪಿ. 1904ರಲ್ಲಿ ಭಾರತಕ್ಕೆ ಬಂದ ಅಮೆರಿಕದ ಸ್ಯಾಮ್ಯುಯೆಲ್ ಸ್ಟೋಕ್ಸ್ ಎಂಬವರು 1916ರ ಹೊತ್ತಿಗೆ ಶಿಮ್ಲಾ ಬಳಿಯ ಕೋಟ್‌ಗಢದಲ್ಲಿ ರೆಡ್ ಡಿಲೀಷಿಯಸ್ ಸೇಬು ನೆಟ್ಟರು. ಹಿಮಾಚಲದ ಸೇಬಿನ ವ್ಯಾಪಾರ ಬೆಳೆದದ್ದು ಅಲ್ಲಿಂದ. ಆ ರೆಡ್ ಡಿಲೀಷಿಯಸ್‌ನ ಮೂಲವಾದರೂ ಏನು? ಅಮೆರಿಕದ ಅಯೋವಾದಲ್ಲಿ ಜೆಸ್ಸಿ ಹಯಾಟ್ ಎಂಬ ರೈತನ ತೋಟದಲ್ಲಿ ಸಾಲಿನಿಂದ ಹೊರಗೆ ತಾನಾಗಿ ಹುಟ್ಟಿದ ಒಂದು ಸಸಿ. ಆತ ಕಡಿದರೂ ಮತ್ತೆ ಚಿಗುರಿತು ಎನ್ನುತ್ತಾರೆ. ದಿವಾ ಸ್ಟೇಷನ್ ಹೊರಗಿನ ತಳ್ಳುಗಾಡಿಯಲ್ಲಿ ಮಾರುವ ಕೆಂಪು ಸೇಬಿನ ವಂಶ ಹುಡುಕಿಕೊಂಡು ಹೋದರೆ, ಯಾರೂ ನೆಡದ ಆ ಸಸಿಯ ಬುಡಕ್ಕೆ ಹೋಗಿ ನಿಲ್ಲುತ್ತೇವೆ. ಅದೇ ಅಮೆರಿಕದಲ್ಲಿ ಅದಕ್ಕೂ ಮುನ್ನ ಜಾನ್ ಚಾಪ್‌ಮನ್ ಎಂಬವರಿದ್ದರು, 1774ರಿಂದ 1845ರವರೆಗೆ ಬದುಕಿದವರು. ಸೇಬಿನ ರಸ ಹಿಂಡುವ ಗಾಣಗಳಿಂದ ಬೀಜ ಆರಿಸಿಕೊಂಡು, ಪಶ್ಚಿಮಕ್ಕೆ ವಲಸೆ ಹೋಗುವವರಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ ಸಸಿಮಡಿ ಮಾಡುತ್ತಿದ್ದರು. ಕಸಿಗೆ ಅವರ ವಿರೋಧವಿತ್ತು. ಅವರ ಮರಗಳ ಹಣ್ಣು ತಿನ್ನಲು ಹುಳಿ, ಸೈಡರ್ ಎಂಬ ಪಾನೀಯ ಮಾಡಲು ಸರಿ. ಆದರೆ ಹೊಸ ಜಾಗಕ್ಕೆ ಬಂದವರಿಗೆ ಅವೇ ಮೊದಲ ಮರಗಳು.

ಒಟ್ಟಿನಲ್ಲಿ ಲೆಕ್ಕ ಇಷ್ಟೇ. ಅದೇ ಹಣ್ಣು ಬೇಕು ಎಂದರೆ ಕಸಿ. ಹೊಸ ನೆಲಕ್ಕೆ ಒಗ್ಗುವ ಮರ ಬೇಕು, ಬಹಳ ಬೇಕು, ಅಗ್ಗಕ್ಕೆ ಬೇಕು, ನೂರು ವರ್ಷ ನಿಲ್ಲಬೇಕು ಎಂದರೆ ಬೀಜ. ಬೀಜದ ಸಸಿಗೆ ತಾಯಿಬೇರು ನೇರವಾಗಿ ಆಳಕ್ಕೆ ಇಳಿಯುತ್ತದೆ. ಸಾವಿರ ಸಸಿಯಲ್ಲಿ ಯಾವುದು ಈ ಮಣ್ಣಿಗೆ, ಈ ಮಳೆಗೆ ಹೊಂದುತ್ತದೆಯೋ ಅದು ಉಳಿಯುತ್ತದೆ. ತೋಟಗಾರ ಅದನ್ನು ಆರಿಸಿಕೊಳ್ಳುತ್ತಾನೆ.

ವರ್ಷವಿಡೀ ಹೂವು

ಕೃಂಬಿಗಲ್ ಅವರ ಕೆಲಸದಲ್ಲಿ ದೊಡ್ಡ ಪಾಲು ಈ ಬೀಜದ ಲೆಕ್ಕದ್ದು. ಆ ಕಾಲದ ಸಸ್ಯೋದ್ಯಾನಗಳು ತಮ್ಮಲ್ಲಿರುವ ಬೀಜಗಳ ಪಟ್ಟಿ ಮಾಡಿ ಒಂದಕ್ಕೊಂದು ಕಳಿಸುತ್ತಿದ್ದವು. ನಿಮ್ಮಲ್ಲಿ ಇಲ್ಲದ್ದು ನಮ್ಮಲ್ಲಿದ್ದರೆ ಕೊಡುತ್ತೇವೆ, ನಮಗೆ ಬೇಕಾದ್ದು ನಿಮ್ಮಲ್ಲಿದ್ದರೆ ಕಳಿಸಿ ಎಂಬ ವ್ಯವಹಾರ. ಬೀಜ ಬಂದ ಮೇಲೆ ಅದನ್ನು ಮೊಳೆಸುವುದು ಇಲ್ಲಿನವರ ಜಾಣ್ಮೆ. ಒಂದೊಂದು ಬೀಜಕ್ಕೆ ಒಂದೊಂದು ಹಟ. ಸೇಬಿಗೆ ಚಳಿ ಬೇಕಾದಂತೆ ಗುಲ್‌ಮೊಹರ್ ಮತ್ತು ಕಕ್ಕೆಯ ಬೀಜದ ಸಿಪ್ಪೆ ಕಲ್ಲಿನಂತೆ ಗಟ್ಟಿ. ಒಂದು ಕಡೆ ಉಜ್ಜಿ, ಬಿಸಿನೀರಿನಲ್ಲಿ ನೆನೆಹಾಕದಿದ್ದರೆ ವರ್ಷಗಟ್ಟಲೆ ಮಲಗಿಯೇ ಇರುತ್ತದೆ. ತಬೂಬಿಯಾದ ಬೀಜ ಇದಕ್ಕೆ ತದ್ವಿರುದ್ಧ; ಕಾಗದದಂಥ ರೆಕ್ಕೆಯ ಆ ಬೀಜವನ್ನು ಕೂಡಲೇ ಬಿತ್ತದಿದ್ದರೆ ಜೀವ ಹೋಗುತ್ತದೆ.

ಹುಟ್ಟಿದ ಮೇಲೆ ಗುರುತಿಸುವುದು ಇನ್ನೊಂದು ಕೆಲಸ. ಚಿಕ್ಕ ಸಸಿಗಳಲ್ಲಿ ಗುಲ್‌ಮೊಹರ್ ಮತ್ತು ಜಕರಂಡ ಎರಡಕ್ಕೂ ಹುಣಸೆಯಂಥ ಸಣ್ಣ ಸಣ್ಣ ಎಲೆಗಳು. ಚೀಟಿ ಬಿದ್ದುಹೋದರೆ ಯಾವುದು ಯಾವುದೆಂದು ಹೊಸಬರಿಗೆ ಗೊತ್ತಾಗುವುದಿಲ್ಲ. ಜಕರಂಡದಲ್ಲಿ ಎಲೆಗಳು ಕಾಂಡದ ಎರಡೂ ಬದಿಗೆ ಎದುರುಬದುರಾಗಿ ಜೋಡಿಯಾಗಿ ಬರುತ್ತವೆ. ಗುಲ್‌ಮೊಹರ್‌ನಲ್ಲಿ ಒಂದು ಬಿಟ್ಟು ಒಂದು. ಜಕರಂಡದ ಬೀಜದಳ ತುದಿಯಲ್ಲಿ ಸೀಳಿಕೊಂಡಿರುತ್ತದೆ. ಗುಲ್‌ಮೊಹರ್‌ನದು ದಪ್ಪ, ಉದ್ದ, ಅಖಂಡ. ಸಸಿಮಡಿಯಲ್ಲಿ ಕೂತು ಇಂಥದ್ದನ್ನೆಲ್ಲ ನೋಡುವ ಕಣ್ಣು ಇಲ್ಲದೆ ಸಾಲುಮರದ ಯೋಜನೆ ನಡೆಯುವುದಿಲ್ಲ. ಕೆಂಪು ಬರಬೇಕಾದ ಸಾಲಿನಲ್ಲಿ ನೇರಳೆ ಬಂದರೆ ತಪ್ಪು ಗೊತ್ತಾಗುವುದು ಎಂಟು ಹತ್ತು ವರ್ಷದ ಮೇಲೆ.

ಕೃಂಬಿಗಲ್ ಹೆಸರಿನ ಜೊತೆ ಇಂದಿಗೂ ಹೇಳುವುದು ಈ ಸಾಲುಮರದ ಯೋಜನೆಯನ್ನೇ. ಊರಿನ ರಸ್ತೆಗಳಲ್ಲಿ ಬೇರೆ ಬೇರೆ ಕಾಲಕ್ಕೆ ಹೂ ಬಿಡುವ ಮರಗಳನ್ನು ಆರಿಸಿ, ಒಂದು ಮುಗಿಯುವಾಗ ಇನ್ನೊಂದು ಶುರುವಾಗುವಂತೆ ನೆಡುವುದು. ವರ್ಷದ ಯಾವ ತಿಂಗಳಲ್ಲಿ ಬಂದರೂ ಬೆಂಗಳೂರಿನ ಯಾವುದಾದರೂ ಮೂಲೆಯಲ್ಲಿ ಹೂ ಇರಬೇಕು. ವರ್ಷದ ಆರಂಭದಲ್ಲಿ ಗುಲಾಬಿ ತಬೂಬಿಯಾ, ಅದರ ಹಿಂದೆ ಹಳದಿ ತಬೂಬಿಯಾ, ಮಾರ್ಚ್ ಹೊತ್ತಿಗೆ ಜಕರಂಡದ ನೇರಳೆ ಮತ್ತು ಹೊಂಗೆಯ ಎಳೆಹಸಿರು, ಏಪ್ರಿಲ್‌ನಲ್ಲಿ ಕಕ್ಕೆ, ಮೇ ತಿಂಗಳಿಗೆ ಗುಲ್‌ಮೊಹರ್, ಹೊಳೆದಾಸವಾಳ, ಹಳದಿ ತುರಾಯಿ, ಮಳೆ ಮುಗಿದು ಚಳಿ ಶುರುವಾಗುವಾಗ ಆಕಾಶಮಲ್ಲಿಗೆ. ನಾವು ಈಗ ಶೆಡ್ಯೂಲಿಂಗ್ ಎನ್ನುವ ಕೆಲಸವನ್ನು ಕಂಪ್ಯೂಟರ್ ಇಲ್ಲದೆ, ಹತ್ತು ವರ್ಷ ಮುಂದಿನ ಲೆಕ್ಕ ಇಟ್ಟುಕೊಂಡು ಮಾಡಬೇಕಿತ್ತು.

ಈ ಮರಗಳ ಪಟ್ಟಿ ನೋಡಿದರೆ ಇನ್ನೊಂದು ಸಂಗತಿ ಕಾಣುತ್ತದೆ. ಗುಲ್‌ಮೊಹರ್ ಮಡಗಾಸ್ಕರ್‌ನದು. ಜಕರಂಡ ದಕ್ಷಿಣ ಅಮೆರಿಕದ್ದು, ತಬೂಬಿಯಾಗಳೂ ಅಮೆರಿಕ ಖಂಡದವೇ. ಕಬ್ಬನ್ ಪಾರ್ಕಿನಲ್ಲಿ ಕೊಡೆ ಹಿಡಿದು ನಿಂತ ಮಳೆ ಮರದ ತವರೂ ಅತ್ತಲೇ. ನಾವು ಅಪ್ಪಟ ಬೆಂಗಳೂರು ಎಂದು ಫೋಟೊ ತೆಗೆದು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸುವ ಮರಗಳಲ್ಲಿ ಅರ್ಧಕ್ಕರ್ಧ ವಲಸಿಗರು. ಇವೆಲ್ಲವನ್ನೂ ಕೃಂಬಿಗಲ್ ಒಬ್ಬರೇ ತಂದರು ಎಂದಲ್ಲ. ಕೆಲವು ಅವರಿಗಿಂತ ಮೊದಲೇ ಬಂದಿದ್ದವು. ನಮ್ಮ ಕಣ್ಣಿಗೆ ಇಂದು ಬೀಳುವ ಬಹಳಷ್ಟು ಮರಗಳನ್ನು 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ ಮತ್ತು ಅವರ ತಂಡ ನೆಟ್ಟದ್ದು. ಆದರೆ ಹೂವಿನ ಕ್ಯಾಲೆಂಡರ್ ಇಟ್ಟುಕೊಂಡು ಊರಿಗೆ ಊರನ್ನೇ ತೋಟದಂತೆ ನೋಡುವ ರೂಢಿಗೆ ಗಟ್ಟಿ ಬುಡ ಹಾಕಿದವರು ಕೃಂಬಿಗಲ್.

ಅವರ ಗಮನ ಹೂವಿಗಷ್ಟೇ ಸೀಮಿತವಾಗಿರಲಿಲ್ಲ. ರೈತರಿಗೆ, ದನಕರುಗಳಿಗೆ ಬೇಕಾದದ್ದನ್ನೂ ತರಿಸಿ ಬೆಳೆಸಿ ನೋಡಿದರು. ರೋಡ್ಸ್ ಹುಲ್ಲು, ರಷ್ಯಾದ ಸೂರ್ಯಕಾಂತಿ, ಸೋಯಾ ಅವರೆ, ಅಮೆರಿಕದ ಮೆಕ್ಕೆಜೋಳ ಅವರ ಕಾಲದಲ್ಲಿ ಲಾಲ್‌ಬಾಗ್ ಪ್ರವೇಶಿಸಿದವು. 1912ರಲ್ಲಿ ಮೈಸೂರು ಉದ್ಯಾನ ಕಲಾ ಸಂಘ ಶುರುವಾಯಿತು. ಅದರ ಹಿಂದೆಯೂ ಅವರಿದ್ದರು. ಗಣರಾಜ್ಯೋತ್ಸವಕ್ಕೂ ಸ್ವಾತಂತ್ರ್ಯ ದಿನಕ್ಕೂ ನಾವು ಮಕ್ಕಳ ಕೈ ಹಿಡಿದು ಹೋಗುವ ಫಲಪುಷ್ಪ ಪ್ರದರ್ಶನದಲ್ಲಿ ಈ ಸಂಘದ ಹೆಸರು ಈಗಲೂ ಇದೆ. ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಕನ್ನಂಬಾಡಿ ಕಟ್ಟೆಯ ಕೆಳಗೆ ಬೃಂದಾವನ ಉದ್ಯಾನ ಮೂಡಿತು. ಕನಸು ಮಿರ್ಜಾ ಅವರದು, ಅದರ ವಿನ್ಯಾಸದಲ್ಲಿ ಕೃಂಬಿಗಲ್ ಅವರ ಕೈ ಇತ್ತು. ಕಟ್ಟಡ ಎಲ್ಲಿ ನಿಲ್ಲಬೇಕು, ರಸ್ತೆ ಹೇಗೆ ತಿರುಗಬೇಕು ಎಂಬುದಕ್ಕೂ ಸರ್ಕಾರ ಅವರ ಸಲಹೆ ಕೇಳುತ್ತಿತ್ತು.

ಬೆಂಗಳೂರಿನ ಸೇಬು

ಸೇಬಿನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಒಂದು ಕಾಲದಲ್ಲಿ ಬೆಂಗಳೂರಿನ ತೋಟಗಳಲ್ಲಿ ಸೇಬು ಬೆಳೆಯುತ್ತಿತ್ತು. ರೋಮ್ ಬ್ಯೂಟಿ ಎಂಬ ತಳಿ. ಅದೂ ಅಮೆರಿಕದ ಓಹಾಯೊದಲ್ಲಿ ಆಕಸ್ಮಿಕವಾಗಿ ಸಿಕ್ಕ ಮರ. ಬೆಂಗಳೂರಿನ ಚಳಿ ಹಿತವಾದದ್ದೇ ಹೊರತು ಸೇಬಿಗೆ ಬೇಕಾದಷ್ಟು ಅಲ್ಲ. ಆದರೂ ಅಲ್ಲಿ ಬೆಳೆಯಲು ಒಂದು ಉಪಾಯ ಇದೆ. ಹಣ್ಣು ಕಿತ್ತ ಮೇಲೆ ಮರ ನಿದ್ದೆಗೆ ಜಾರುವ ಮೊದಲೇ ಎಲೆಗಳನ್ನು ಕೈಯಿಂದ ತರಿದುಹಾಕಬೇಕು. ಮೊಗ್ಗುಗಳು ಗಾಢ ನಿದ್ದೆಗೆ ಹೋಗದೆ ಮತ್ತೆ ಚಿಗುರುತ್ತವೆ, ಹೂ ಬಿಡುತ್ತವೆ. ಇಂಡೊನೇಷ್ಯಾದ ಜಾವಾ ದ್ವೀಪದ ಬಾಟು ಎಂಬಲ್ಲಿ ಇಂದಿಗೂ ರೋಮ್ ಬ್ಯೂಟಿಯಿಂದ ಹೀಗೆಯೇ ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆ.

ಕೃಂಬಿಗಲ್ ನಿವೃತ್ತರಾದಾಗ ಅವರ ಜಾಗಕ್ಕೆ ಬಂದವರು ನಮ್ಮವರೇ ಆದ ಎಚ್.ಸಿ. ಜವರಾಯ. ಮೈಸೂರು ಸಂಸ್ಥಾನದಲ್ಲಿ ಸೇಬು ವರ್ಷಕ್ಕೆರಡು ಬಾರಿ ಫಲ ಕೊಡುವುದರ ಬಗ್ಗೆ 1943ರಲ್ಲಿ ಭಾರತದ ತೋಟಗಾರಿಕೆ ಪತ್ರಿಕೆಯಲ್ಲಿ ಲೇಖನ ಬರೆದವರು ಇವರೇ. ನನಗೆ ಇದರಲ್ಲಿ ಮುಖ್ಯವೆನಿಸುವುದು ಬೇರೆ. ಬ್ರಿಟಿಷರ ಕಾಲದಲ್ಲಿ ಲಾಲ್‌ಬಾಗ್‌ನ ಚುಕ್ಕಾಣಿ ಬಹುಕಾಲ ಕ್ಯೂನಿಂದ ಬಂದ ಬಿಳಿಯರ ಕೈಯಲ್ಲಿ ಇತ್ತು. ಕೃಂಬಿಗಲ್ ನಂತರ ಅದು ಕನ್ನಡಿಗರ ಕೈಗೆ ಬಂತು, ಮುಂದೆ ಎಂ.ಎಚ್. ಮರಿಗೌಡರು ಅದನ್ನು ರಾಜ್ಯದ ಹಳ್ಳಿಹಳ್ಳಿಗೆ ಮುಟ್ಟುವ ತೋಟಗಾರಿಕೆ ಇಲಾಖೆಯಾಗಿ ಬೆಳೆಸಿದರು. ಹೊರಗಿನಿಂದ ಬಂದ ಪರಿಣತ ತಾನು ಹೋದ ಮೇಲೂ ಕೆಲಸ ನಿಲ್ಲದಂತೆ ಬಿಟ್ಟುಹೋದನೇ ಎಂಬುದು ನಮ್ಮ ವೃತ್ತಿಯಲ್ಲೂ ಕೇಳುವ ಪ್ರಶ್ನೆ. ಕೃಂಬಿಗಲ್ ವಿಷಯದಲ್ಲಿ ಉತ್ತರ ಹೌದು.

ವಾಪಸ್ ಹೋಗಲಿಲ್ಲ

1932ರಲ್ಲಿ ನಿವೃತ್ತರಾದಾಗ ಅವರಿಗೆ ಅರವತ್ತಾರು. ಲಂಡನ್ನಿನಲ್ಲಿ ಐದು, ಬರೋಡಾದಲ್ಲಿ ಹದಿನೈದು, ಬೆಂಗಳೂರಿನಲ್ಲಿ ಇಪ್ಪತ್ತನಾಲ್ಕು ವರ್ಷ ಕಳೆದಿದ್ದವು. ನಮ್ಮಲ್ಲಿ ಎಲ್ಲರೂ ಎಂದೋ ಒಂದು ದಿನ ಎಂದು ಮುಂದೂಡುವ ತೀರ್ಮಾನ ಆಗ ಅವರ ಮುಂದಿತ್ತು. ಅವರು ಬೆಂಗಳೂರಿನಲ್ಲೇ ಉಳಿದರು. ಸರ್ಕಾರಕ್ಕೆ, ಸಂಸ್ಥೆಗಳಿಗೆ, ಬೇರೆ ಊರುಗಳಿಗೆ ಉದ್ಯಾನ ವಿನ್ಯಾಸದ ಸಲಹೆ ಕೊಡುತ್ತಾ ಕೆಲಸ ಮುಂದುವರಿಸಿದರು.

ಉಳಿದದ್ದಕ್ಕೆ ಬೆಲೆಯನ್ನೂ ತೆತ್ತರು. 1939ರಲ್ಲಿ ಎರಡನೇ ಮಹಾಯುದ್ಧ ಶುರುವಾದಾಗ ಬ್ರಿಟಿಷರಿಗೆ ಜರ್ಮನ್ನರೆಲ್ಲ ಶತ್ರುಗಳಾದರು. ಭಾರತದಲ್ಲಿದ್ದ ಜರ್ಮನ್ನರನ್ನು ಹಿಡಿದು ಶಿಬಿರಗಳಲ್ಲಿಟ್ಟರು. ಬೆಂಗಳೂರಿನ ಇತರ ಜರ್ಮನ್ನರ ಜೊತೆ ಕೃಂಬಿಗಲ್ ಅವರೂ ಬಂಧನಕ್ಕೆ ಒಳಗಾದರು. ಎಪ್ಪತ್ತು ದಾಟಿದ ಮುದುಕ, ಆ ಊರಿಗೆ ಕಾಲಿಟ್ಟು ಮೂವತ್ತು ವರ್ಷ ಮೀರಿತ್ತು. ಅವರು ಬೀಜ ಹಾಕಿ ಬೆಳೆಸಿದ ಮರಗಳು ಹೊರಗೆ ರಸ್ತೆಯಲ್ಲಿ ನೆರಳು ಕೊಡುತ್ತಿದ್ದವು. ಹುಟ್ಟಿದ ಊರಿನ ದಾಖಲೆ ಅವರನ್ನು ಹೊರಗಿನವರೆಂದು ಮತ್ತೆ ಬೇರ್ಪಡಿಸಿತು. ಅದೇ ಯುದ್ಧದ ಕೊನೆಯಲ್ಲಿ, 1945ರ ಫೆಬ್ರವರಿಯಲ್ಲಿ, ಅವರ ತವರಿನ ನಗರ ಡ್ರೆಸ್ಡೆನ್ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಮನಸ್ಸಿನಲ್ಲಿ ವಾಪಸ್ ಹೋಗುವ ಆಸೆ ಇಟ್ಟುಕೊಂಡವರಿಗೂ ಹೋಗಲು ಹಳೆಯ ಊರು ಉಳಿದಿರಲಿಲ್ಲ.

ಈ ಭಾಗವನ್ನು ನಾನು ಸುಲಭವಾಗಿ ದಾಟಿಹೋಗಲಾರೆ. ಹೊರ ರಾಜ್ಯದಲ್ಲಿರುವ ನಮಗೆ ಶಿಬಿರದ ಭಯವಿಲ್ಲ, ಹೋಲಿಸುವುದು ಸರಿಯೂ ಅಲ್ಲ. ಆದರೆ ಗಡಿಯ ಗಲಾಟೆ ಎದ್ದು ಬಸ್ಸುಗಳಿಗೆ ಮಸಿ ಬಳಿದ ಸುದ್ದಿ ಬಂದ ದಿನ, ಲೋಕಲ್‌ನಲ್ಲಿ ಅಮ್ಮನ ಜೊತೆ ಕನ್ನಡದಲ್ಲಿ ಫೋನ್ ಮಾತಾಡುವಾಗ ಸ್ವರ ತಾನಾಗಿ ತಗ್ಗುವುದು ನಮಗೆಲ್ಲ ಗೊತ್ತು. ಮರುದಿನ ಅದೇ ಡಬ್ಬಿಯಲ್ಲಿ ನಾಲ್ಕನೇ ಸೀಟಿಗೆ ಜಾಗ ಮಾಡಿಕೊಡುವವರು ಮರಾಠಿ ಸ್ನೇಹಿತರೇ. ಎರಡೂ ನಿಜ. ಕೃಂಬಿಗಲ್ ಅವರನ್ನು ಕೆಲಸಕ್ಕೆ ಕರೆದ ದೇಶವೂ ಇದೇ, ಬಂಧಿಸಿದ್ದೂ ಇದೇ ನೆಲದಲ್ಲಿ. ಬಿಡುಗಡೆಯಾದ ಮೇಲೆ ಅವರು ಎಲ್ಲಿಗೂ ಹೋಗಲಿಲ್ಲ.

ದೇಶ ಸ್ವತಂತ್ರವಾದದ್ದನ್ನು ಅವರು ನೋಡಿದರು. 1956ರ ಫೆಬ್ರವರಿ 8ರಂದು, ತೊಂಬತ್ತನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲೇ ತೀರಿಕೊಂಡರು. ಅದೇ ವರ್ಷದ ನವೆಂಬರ್‌ನಲ್ಲಿ ಕನ್ನಡ ಮಾತನಾಡುವ ಹೆಚ್ಚಿನ ಪ್ರದೇಶಗಳು ಒಂದಾಗಿ ಹೊಸ ರಾಜ್ಯವಾಯಿತು. ಹೊಸೂರು ರಸ್ತೆಯ ಕ್ರೈಸ್ತ ಸ್ಮಶಾನದಲ್ಲಿ ಅವರ ಸಮಾಧಿ ಇದೆ. ಲಾಲ್‌ಬಾಗ್‌ನಲ್ಲಿ ಅವರ ಹೆಸರಿನ ಹಳೆಯ ಸಭಾಂಗಣ 2017ರ ಮಳೆಯಲ್ಲಿ ಕುಸಿದುಬಿತ್ತು, ಆಮೇಲೆ ಹಳೆಯ ರೂಪದಲ್ಲೇ ಮತ್ತೆ ಕಟ್ಟಿದರು.

ಸಸಿಯಂಥ ಮಕ್ಕಳು

ಹೊರಗಿರುವ ಕನ್ನಡಿಗರು ಸೇರಿದಲ್ಲೆಲ್ಲ, ಡೊಂಬಿವಲಿಯ ಸಂಘದಲ್ಲಾಗಲಿ ನವಿ ಮುಂಬೈಯ ಗಣಪತಿ ಪೆಂಡಾಲಿನಲ್ಲಾಗಲಿ, ಮಕ್ಕಳ ಮಾತು ಬಂದೇ ಬರುತ್ತದೆ. ಮನೆಯಲ್ಲಿ ಕನ್ನಡ, ಕೆಳಗೆ ಆಟದಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್, ಟಿವಿಯಲ್ಲಿ ಹಿಂದಿ. ನಮ್ಮ ಮಗಳು ಒಂದೇ ವಾಕ್ಯದಲ್ಲಿ ಮೂರನ್ನು ಬೆರೆಸುತ್ತಾಳೆ. ಊರಿಗೆ ಹೋದಾಗ ಅಜ್ಜಿಗೆ ಅರ್ಧ ಅರ್ಥವಾಗುವುದಿಲ್ಲ. ನಮ್ಮ ಪೀಳಿಗೆಯವರಿಗೆ ಬೇಕಾದದ್ದು ಕಸಿ: ನಾವು ಹೇಗಿದ್ದೆವೋ ಅದೇ ಹಣ್ಣು, ಅದೇ ರುಚಿ, ಬೇರೆ ನೆಲದಲ್ಲಿ. ಮಕ್ಕಳು ಬೀಜದಿಂದ ಬಂದವರು. ತಾಯಿಮರದ ಗುಣ ಇರುತ್ತದೆ, ಆದರೆ ಅಚ್ಚು ಹೊಡೆದಂತೆ ಇರುವುದಿಲ್ಲ.

ಹಾಗೆಂದು ಕೈಬಿಡುವುದೂ ಅಲ್ಲ. ಬೀಜದ ಸಸಿಗೇ ಹೆಚ್ಚು ಆರೈಕೆ ಬೇಕು ಎಂದು ಯಾವ ಸಸಿಮಡಿಯವನೂ ಹೇಳುತ್ತಾನೆ. ಎಳೆಯದರಲ್ಲಿ ದಿನಾ ನೀರು, ಮಧ್ಯಾಹ್ನ ನೆರಳು, ಕಳೆ ಕೀಳುವುದು. ದಿನಾ ಕನ್ನಡದಲ್ಲಿ ಮಾತಾಡುವುದು, ರಾತ್ರಿ ಒಂದು ಕಥೆ ಓದಿ ಹೇಳುವುದು, ವರ್ಷಕ್ಕೆರಡು ಸಲ ಊರಿನ ಮಣ್ಣು ಮೆಟ್ಟಿಸುವುದು ಇಷ್ಟನ್ನು ನಾವು ಮಾಡಬಹುದು. ಆಮೇಲೆ ಯಾವ ಹೂ ಬಿಡುತ್ತದೆ ಎಂಬುದು ಅವರದು. ಕೃಂಬಿಗಲ್ ಬೆಂಗಳೂರನ್ನು ಡ್ರೆಸ್ಡೆನ್ ಮಾಡಲು ಹೋಗಲಿಲ್ಲ. ಹೋಗಿದ್ದರೆ ಓಕ್, ಬೀಚ್ ಮರಗಳ ಹಟ ಹಿಡಿದು ಇಪ್ಪತ್ತನಾಲ್ಕು ವರ್ಷ ಹಾಳು ಮಾಡಿಕೊಳ್ಳುತ್ತಿದ್ದರು. ಈ ನೆಲಕ್ಕೆ ಯಾವುದು ಒಗ್ಗುತ್ತದೆ ಎಂದು ಬಿತ್ತಿ ನೋಡಿದರು, ಒಗ್ಗಿದ್ದನ್ನು ಸಾಲಾಗಿ ನೆಟ್ಟರು.

ಆ ಸಾಲುಗಳು ಈಗ ವಿರಳವಾಗುತ್ತಿವೆ. ಮೆಟ್ರೊ, ಮೇಲ್ಸೇತುವೆ, ರಸ್ತೆ ಅಗಲೀಕರಣಕ್ಕೆ ಕೆಲವು ಹೋದವು. ಮಳೆಗಾಳಿಗೆ ಪ್ರತಿ ಮೇ ತಿಂಗಳು ಇನ್ನಷ್ಟು ಉರುಳುತ್ತವೆ. ಮರಕ್ಕೂ ಆಯುಸ್ಸು ಇದೆ, ಅದಕ್ಕೆ ದುಃಖ ಪಡುವುದಕ್ಕಿಂತ ಮತ್ತೆ ಬಿತ್ತುವುದು ಮೇಲು. ಅದಕ್ಕೆ ಹೊರಗಿರುವ ನಾವೂ ಕೈ ಜೋಡಿಸಬಹುದು. ಯುಗಾದಿಗೋ ಬೇಸಿಗೆ ರಜೆಗೋ ಊರಿಗೆ ಹೋದಾಗ ಕಕ್ಕೆ ಮರದ ಬುಡದಲ್ಲಿ ಒಣಗಿ ಬಿದ್ದ ಕಪ್ಪು ಕೋಲಿನಂಥ ಕಾಯಿ ಒಂದನ್ನು ತನ್ನಿ. ಒಡೆದರೆ ಬಿಲ್ಲೆ ಬಿಲ್ಲೆಯಾಗಿ ಜೋಡಿಸಿದ ಬೀಜಗಳು ಸಿಗುತ್ತವೆ. ಮರಳು ಕಾಗದದಲ್ಲಿ ಒಂದು ಬದಿ ಉಜ್ಜಿ, ರಾತ್ರಿ ಬಿಸಿನೀರಿನಲ್ಲಿ ನೆನೆಸಿ, ಕೆಮ್ಮಣ್ಣು, ಮರಳು, ಗೊಬ್ಬರ ಬೆರೆಸಿದ ಚೀಲದಲ್ಲಿ ಹಾಕಿ. ಇದಕ್ಕೆ ಫ್ರಿಜ್ ಬೇಡ. ಎರಡು ಮಳೆಗಾಲ ಚೀಲದಲ್ಲೇ ಸಾಕಿ, ಬೇರು ಚೀಲ ತುಂಬಿದ ಮೇಲೆ ಸೊಸೈಟಿಯ ಅಂಗಳದಲ್ಲಿ ನೆಡಿ. ನಮ್ಮ ದಿವಾದ ಖಾರಿ ಕಡೆಯ ಉಪ್ಪು ಜೌಗಿನಲ್ಲಿ ಕಾಂಡ್ಲಾ ಬಿಟ್ಟು ಬೇರೆ ನಿಲ್ಲುವುದಿಲ್ಲ, ಆದರೆ ಕಟ್ಟಡಗಳ ನಡುವೆ ಮಣ್ಣು ತುಂಬಿಸಿದ ಎತ್ತರದ ಜಾಗದಲ್ಲಿ ಕಕ್ಕೆ ಚೆನ್ನಾಗಿ ಬರುತ್ತದೆ. ಅದು ಮರಾಠಿಯವರಿಗೂ ಗೊತ್ತಿರುವ ಮರ, ಬಹಾವಾ ಎನ್ನುತ್ತಾರೆ. ನೆಡುವಾಗ ಪಕ್ಕದ ಮನೆಯವರನ್ನೂ ಕರೆಯಿರಿ. ಹಳದಿ ಗೊಂಚಲು ಕಾಣಲು ಏಳೆಂಟು ವರ್ಷ ಬೇಕಾದೀತು. ಅಷ್ಟರಲ್ಲಿ ನಾವು ಇಲ್ಲೇ ಇರುತ್ತೇವೋ, ಊರಿಗೆ 돌아 ಹೋಗಿರುತ್ತೇವೋ ಎಂಬ ಲೆಕ್ಕ ಬಿಟ್ಟು ನೆಡಬೇಕು. ಮರ ಅಂತೂ ಇಲ್ಲೇ ಇರುತ್ತದೆ.